ತೆರೆಯ ಮೇಲೆ ಅತ್ತವಳು

ದೆವ್ವ, ಗಾಳಿ, ಕಣ್ಣುಕಟ್ಟು ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ನಾನು. ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಹಳಿಗೆ ಬಿದ್ದು ಸತ್ತವರ ಕಥೆಗಳಿಗೆ ಬರವಿರಲಿಲ್ಲ. ಸಂಜೆಯಾದರೆ ಅಕ್ಕಪಕ್ಕದ ಹೆಂಗಸರು ಆ ಕಡೆ ಕಾಲಿಡಲು ಅಂಜುತ್ತಿದ್ದರು. ನಾನು ಬೇಕಂತಲೇ ಆ ದಾರಿಯಲ್ಲೇ ಹೋಗಿ ಹಾಲು ತರುತ್ತಿದ್ದೆ. ಈಗಲೂ ನನ್ನೆದುರು ಯಾರಾದರೂ ಭೂತದ ಮಾತು ತೆಗೆದರೆ ಎದ್ದು ಒಳಗೆ ಹೋಗಿಬಿಡುತ್ತೇನೆ. ಇಂಥವಳು ಇದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮ ಕಾಲು ಹಿಡಿಯುವುದಿಲ್ಲ. ಬಿಸಿಲು ತಲೆಗೆ ಹತ್ತಿತ್ತು, ಕನಸು ಕಂಡಿದ್ದೀ ಎಂದು ಮಾತ್ರ ಹೇಳಬೇಡಿ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಅರವತ್ತರ ದಶಕದ ಮಾತು. ನಾವು ಹುಬ್ಬಳ್ಳಿ ಕಡೆಯವರು. ಅಪ್ಪ ಮುಂಬಯಿಗೆ ಹೋಗಿ ರೈಲ್ವೆ ಸೇರಿ, ಗೂಡ್ಸ್ ಗಾಡಿಯ ಗಾರ್ಡ್ ಆಗಿ, ಕೊನೆಗೆ ಬರೋಡಾದಲ್ಲಿ ಬೇರು ಬಿಟ್ಟಿದ್ದರು. ನಾನು ಇಂಟರ್ ಮುಗಿಸಿ ಮನೆಯಲ್ಲಿದ್ದೆ. ನೌಕರಿ ಮಾಡುತ್ತೇನೆಂದು ನಾನು, ಮೊದಲು ರೊಟ್ಟಿ ಬಡಿಯುವುದನ್ನು ಕಲಿ ಎಂದು ಅವ್ವ. ದಿನಾ ಜಗಳ.

ಆಗ ಮುಂಬಯಿಯಿಂದ ಒಂದು ಗುಜರಾತಿ ಚಿತ್ರದ ಯೂನಿಟ್ ಬಂತು. ಪೇಟೆಯೊಳಗಿನ ಒಂದು ಹಳೆಯ ವಾಡೆಯಲ್ಲಿ ಅವರ ಶೂಟಿಂಗ್. ನಮ್ಮ ಪಕ್ಕದ ಮನೆಯ ಮರಾಠಿ ಕಾಕೂನ ತಮ್ಮ ಆ ಯೂನಿಟ್ಟಿನ ಮ್ಯಾನೇಜರು. ಅಕ್ಕನ ಮನೆಗೆ ಊಟಕ್ಕೆ ಬಂದವನು, ಮೊಸರು ಕೇಳಲು ಹೋಗಿದ್ದ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದ. ನನಗೆ ಮೈ ಉರಿಯಿತು. ಆದರೆ ಅವನು ನೋಡಿದ್ದು ಎತ್ತರ. ಅವರ ನಾಯಕಿಯ ಎತ್ತರ, ಬಣ್ಣ, ಮೈಕಟ್ಟು ನನ್ನದೇ ಅಂತೆ. ಅವಳ ಬದಲಿಗೆ ನಿಲ್ಲುವ ಹುಡುಗಿ ಕಾಮಾಲೆಯಾಗಿ ಮುಂಬಯಿಯಲ್ಲೇ ಉಳಿದಿದ್ದಾಳೆ, ನೀನು ಬಂದು ನಿಲ್ಲುತ್ತೀಯಾ ಎಂದು ಕೇಳಿದ.

ನಿಲ್ಲುವುದೂ ಒಂದು ಕೆಲಸವೇ ಎಂದು ನೀವು ಕೇಳಬಹುದು. ಅವ್ವನೂ ಕೇಳಿದಳು. ಸಿನಿಮಾ ಎಂದರೆ ನಾಯಕ, ನಾಯಕಿ ಎಂದುಕೊಂಡವರು ಒಮ್ಮೆ ಹೋಗಿ ನೋಡಬೇಕು. ಏಣಿ ಹತ್ತಿ ಕೂತು ಬೆವರುವ ಲೈಟ್‌ಮನ್ನುಗಳು, ಸೀರೆಯ ಟ್ರಂಕಿಗೆ ಬೀಗ ಹಾಕಿಕೊಂಡು ಅದರ ಮೇಲೇ ಕೂರುವ ಡ್ರೆಸ್‌ಮನ್, ಕ್ಯಾಮೆರಾದಿಂದ ಕಣ್ಣಿನ ತನಕ ಟೇಪು ಹಿಡಿದು ಅಳೆಯುವ ಸಹಾಯಕ. ಒಂದೊಂದು ಶಾಟ್‌ಗೂ ದೀಪ ಹೊಂದಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ನಿಂತು ನಾಯಕಿಯ ಮುಖ ಬಾಡಬಾರದು. ಅದಕ್ಕೆ ಅವಳ ಜಾಗದಲ್ಲಿ ನಾನು ನಿಂತು ಬಾಡಬೇಕು! ಎಲ್ಲ ಸಿದ್ಧವಾದ ಮೇಲೆ ಅವಳು ಬರುತ್ತಾಳೆ, ನಾನು ಪಕ್ಕಕ್ಕೆ ಸರಿಯುತ್ತೇನೆ, ಆಮೇಲೆ ಕ್ಯಾಮೆರಾ ಓಡುತ್ತದೆ. ಈ ಕೆಲಸಕ್ಕೆ ಅವರ ಬಾಯಲ್ಲಿ ಡುಪ್ಲಿಕೇಟ್ ಎಂದು ಹೆಸರು. ಡುಪ್ಲಿಕೇಟ್ ಅನ್ನುವುದು ಕಲಬೆರಕೆ ತುಪ್ಪಕ್ಕೆ, ನನಗಲ್ಲ ಎಂದು ಮೊದಲ ದಿನವೇ ಜಗಳ ತೆಗೆದೆ. ಕ್ಯಾಮೆರಾಮನ್ ಅರವಿಂದಭಾಯಿ ಜೋರಾಗಿ ನಕ್ಕುಬಿಟ್ಟರು. ಅಂದಿನಿಂದ ಅವರು ನನ್ನನ್ನು ಬೇನ್ ಎಂದೇ ಕರೆದರು. ಬೇನ್ ಎಂದರೆ ಗುಜರಾತಿಯಲ್ಲಿ ಅಕ್ಕ, ತಂಗಿ.

ಅಪ್ಪನಿಗೆ ಇದೆಲ್ಲ ತಮಾಷೆ. "ನಿಲ್ಲೂದಕ್ಕ ಪಗಾರ ಕೊಡ್ತಾರೇನ? ನಾ ವರ್ಷಗಟ್ಲೆ ಗಾಡಿಯಾಗ ನಿಂತೇನಿ, ಒಬ್ಬನೂ ಸಿನಿಮಾಕ್ಕ ಕರೀಲಿಲ್ಲ" ಎಂದು ನಕ್ಕು ಡ್ಯೂಟಿಗೆ ಹೋದರು. ಅವ್ವ ಮಾತ್ರ ಒಂದು ಕರಾರು ಹಾಕಿದಳು. "ನಿನ್ನ ಮಾರಿ ತೆರಿ ಮ್ಯಾಲ ಬರಬಾರದು. ಬಂತಂದ್ರ ಮನಿಯಿಂದ ಹೊರಗ ಕಾಲಿಡಾಕ ಬಿಡೂದಿಲ್ಲ." ನಮ್ಮ ಕಡೆ ಮುಖಕ್ಕೆ ಮಾರಿ ಅನ್ನುತ್ತೇವೆ. ನಾನು ಒಪ್ಪಿಕೊಂಡೆ. ನನ್ನ ಮುಖ ಬರುವ ಕೆಲಸವೇ ಅದಲ್ಲವಲ್ಲ.

ಒಂದು ಮಧ್ಯಾಹ್ನ ವಾಡೆಯ ಅಂಗಳದಲ್ಲಿ ದೊಡ್ಡ ದೃಶ್ಯ. ಸೊಸೆಯ ಮೇಲೆ ಒಡವೆ ಕದ್ದ ಆರೋಪ ಬಂದಿದೆ. ಅವಳು ಕದ್ದಿಲ್ಲ. ಆದರೂ ಮಾವನ ಮುಂದೆ ಕೈಮುಗಿದು, ಅತ್ತು, ತಪ್ಪಾಯಿತು ಎಂದು ಬೇಡಿಕೊಳ್ಳುತ್ತಾಳೆ. ನಾನು ಊಟದ ಹೊತ್ತಿನ ತನಕ ಸೀಮೆಸುಣ್ಣದ ಗುರುತಿನ ಮೇಲೆ ನಿಂತೆ. ದೀಪಗಳೆಲ್ಲ ಸರಿಹೋದವು. ಬಿಳಿ ಸೀರೆ, ದೊಡ್ಡ ನತ್ತು ಹಾಕಿಕೊಂಡು ನಾಯಕಿ ಬಂದಳು. ನಾನು ಎದುರಿನ ಕಟ್ಟೆಯ ಮೇಲೆ ಕೂತು ಸಾಸರಿಗೆ ಚಹಾ ಸುರಿದುಕೊಂಡೆ. ಸಹಾಯಕ ಕ್ಲ್ಯಾಪ್ ಹೊಡೆದ. ಅವಳು ಕೈಮುಗಿದಳು, ಅತ್ತಳು. ಚೆನ್ನಾಗಿಯೇ ಅತ್ತಳು. ನನಗೆ ಮಾತ್ರ ರೇಗಿ ಹೋಯಿತು. ಮಾಡದ ತಪ್ಪಿಗೆ ಯಾಕೆ ಬೇಡ್ಕೋತೀ ಹುಚ್ಚಿ ಎಂದು ಮನಸ್ಸಿನಲ್ಲೇ ಬೈದೆ. ಒಂದೇ ಸಲಕ್ಕೆ ಶಾಟ್ ಮುಗಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟನ್ನೂ ನಾನು ಹಗಲು ಬೆಳಕಿನಲ್ಲಿ, ಕೈಯಲ್ಲಿ ಚಹಾ ಹಿಡಿದುಕೊಂಡು ನೋಡಿದ್ದೇನೆ. ಇದನ್ನು ನೆನಪಿಡಿ.

ಫಿಲಂ ರೈಲಿನಲ್ಲಿ ಮುಂಬಯಿಗೆ ಹೋಗಿ, ಲ್ಯಾಬಿನಲ್ಲಿ ತೊಳೆದು, ಪ್ರಿಂಟ್ ಆಗಿ ಕೆಲವು ದಿನಗಳಲ್ಲಿ ವಾಪಸ್ ಬಂತು. ಅದನ್ನು ನೋಡಲು ಒಂದು ಟಾಕೀಸನ್ನು ಬೆಳಗಿನ ಹೊತ್ತು ಗೊತ್ತು ಮಾಡಿದ್ದರು. ಯೂನಿಟ್ಟಿನವರೆಲ್ಲ ಬಂದಿದ್ದರು, ನಿರ್ಮಾಪಕ ಶೇಠ್ ಮುಂದಿನ ಸೀಟಿನಲ್ಲಿ ಕೂತಿದ್ದ. ಫಿಲಂಗೆ ಆಗಿನ್ನೂ ಸದ್ದು ಸೇರಿಸಿರಲಿಲ್ಲ, ಬರೀ ಚಿತ್ರ. ಆ ಶಾಟ್ ಬಂತು. ಕ್ಲ್ಯಾಪ್ ಹಲಗೆ ಕಂಡಿತು, ಹಲಗೆ ಹಿಡಿದ ಕೈ ಸರಿಯಿತು. ಅದರ ಹಿಂದೆ ಇದ್ದದ್ದು ನನ್ನ ಮುಖ.

ನಾಯಕಿಯಂಥ ಮುಖವಲ್ಲ, ನನ್ನದೇ. ಚಿಕ್ಕವಳಿದ್ದಾಗ ನಲ್ಲಿಯ ಕಟ್ಟೆಯ ಮೇಲೆ ಬಿದ್ದು ನನ್ನ ಎಡಗಣ್ಣಿನ ಹುಬ್ಬು ನಡುವೆ ಸೀಳಿಹೋಗಿದೆ. ತೆರೆಯ ಮೇಲೆ ಆ ಸೀಳು ಅಷ್ಟಗಲ ಕಾಣುತ್ತಿತ್ತು. ಮೈಮೇಲೆ ಆ ಬಿಳಿ ಸೀರೆ. ಮೂಗಿನಲ್ಲಿ ಆ ನತ್ತು, ನನಗೆ ಮೂಗು ಚುಚ್ಚಿಸಿಯೇ ಇಲ್ಲ! ಅವಳು ಕೈ ಜೋಡಿಸಿದಳು. ತುಟಿ ಅಲುಗಿತು. ಅಳತೊಡಗಿದಳು. ಅಯ್ಯೋ, ಅದೆಂಥ ಅಳು! ನಾನು ಹೆದರಿದೆ, ಒಪ್ಪಿಕೊಳ್ಳುತ್ತೇನೆ. ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮುಖ ನನ್ನದಾಗಿತ್ತು ಎಂಬುದಕ್ಕಿಂತ, ಆ ಮುಖ ಹಾಗೆ ಅಳುತ್ತಿತ್ತಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಮೊದಲು ಬಾಯಿ ಬಿಟ್ಟವನು ಮೇಕಪ್‌ನವನು. "ಆ ಹುಬ್ಬು ನಾನು ತಿದ್ದಿದ್ದಲ್ಲ" ಎಂದ. ನಾಯಕಿ ಎದ್ದು ನಿಂತು, "ಹಾಗಾದರೆ ನಾನು ಅತ್ತದ್ದೆಲ್ಲಿ ಹೋಯಿತು?" ಎಂದು ಕೂಗಿದಳು. ದೀಪ ಹಾಕಿದರು. ಅಷ್ಟೂ ಜನ ತಿರುಗಿ ನನ್ನ ಕಡೆ ನೋಡುತ್ತಿದ್ದರು.

ಶೇಠ್‌ಗೆ ಭೂತದ ಯೋಚನೆ ಬರಲಿಲ್ಲ. ಕಳ್ಳತನದ ಯೋಚನೆ ಬಂತು. ಆಗ ಕಚ್ಚಾ ಫಿಲಂ ಸಿಗುವುದು ಬಂಗಾರ ಸಿಕ್ಕಷ್ಟೇ ಕಷ್ಟ, ಅದಕ್ಕೂ ಸರಕಾರದ ಪರ್ಮಿಟ್ ಬೇಕು. ಅರವಿಂದಭಾಯಿ ಯಾರೂ ಇಲ್ಲದ ಹೊತ್ತಿನಲ್ಲಿ ಅದೇ ಕ್ಲ್ಯಾಪ್ ಇಟ್ಟು ನನ್ನ ಮೇಲೆ ಫಿಲಂ ಓಡಿಸಿದ್ದಾರೆ, ನಾಯಕಿಯ ಶಾಟನ್ನು ಕಿತ್ತು ಹಾಕಿದ್ದಾರೆ, ನನ್ನನ್ನು ಬೇರೆ ಯಾರಿಗೋ ತೋರಿಸಿ ನಾಯಕಿ ಮಾಡುವ ಹುನ್ನಾರ ಎಂದು ಅವನ ಲೆಕ್ಕ. ನಾಯಕಿ ಉಟ್ಟ ಹೊತ್ತು ಬಿಟ್ಟರೆ ಸೀರೆ ಟ್ರಂಕಿನಿಂದ ಹೊರಗೆ ಹೋಗಿಲ್ಲ ಎಂದು ಡ್ರೆಸ್‌ಮನ್ ದೇವರಾಣೆ ಹಾಕಿದ. "ಹಾಗಾದರೆ ನೀನೂ ಇದರಲ್ಲಿದ್ದೀ" ಎಂದ ಶೇಠ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನನಗೆ ಅವನು ಒಂದು ದಾರಿ ತೋರಿಸಿದ. ಯೂನಿಟ್ಟಿನ ಎದುರು ಕೈಮುಗಿದು, ತಪ್ಪಾಯಿತು, ಅರವಿಂದಭಾಯಿ ಆಸೆ ತೋರಿಸಿದರು, ನಾನು ಒಪ್ಪಿದೆ ಎಂದರೆ ಸಾಕು. ನಾನು ಹುಡುಗಿ, ನನ್ನನ್ನು ಕ್ಷಮಿಸುತ್ತಾನೆ. ಅರವಿಂದಭಾಯಿಯನ್ನು ಹೊರಗೆ ಹಾಕುತ್ತಾನೆ. ಮುಂದೆ ಮುಂಬಯಿಯಲ್ಲಿ ಯಾರೂ ಅವರ ಕೈಗೆ ಕ್ಯಾಮೆರಾ ಕೊಡದ ಹಾಗೆ ನೋಡಿಕೊಳ್ಳುತ್ತಾನೆ.

"ಮಾಡಿಲ್ಲ. ಹೇಳುವುದಿಲ್ಲ" ಎಂದೆ.

"ತೆರೆಯ ಮೇಲಿದ್ದವಳು ನೀನಲ್ಲವಾ?"

"ನಾನೇ ಇದ್ದ ಹಾಗಿದೆ. ಆದರೆ ನಾನು ಮಾಡಿಲ್ಲ."

ಇದು ಉತ್ತರವೇ ಅಲ್ಲ ಎಂದು ನನಗೂ ಗೊತ್ತಿತ್ತು. ಏನು ಮಾಡಲಿ, ನಿಜ ಅಷ್ಟೇ ಇತ್ತು. ಆಮೇಲಿನ ಕೆಲವು ದಿನ ಯಾರು ಯಾರು ಬಂದು ಬುದ್ಧಿ ಹೇಳಿದರೋ! ಮ್ಯಾನೇಜರು ಬಂದ, ಕಾಕೂ ಬಂದಳು. ಒಂದು ಸಲ ಕೈ ಮುಗಿದರೆ ನಿನ್ನ ಗಂಟೇನು ಹೋಗುತ್ತದೆ ಎಂದರು. ಅವ್ವ ನನ್ನ ಜೊತೆ ಮಾತು ಬಿಟ್ಟಳು, ಅಡುಗೆಮನೆಯಲ್ಲಿ ಪಾತ್ರೆಗಳ ಜೊತೆ ಆಡತೊಡಗಿದಳು. ಕೊನೆಗೆ ಅರವಿಂದಭಾಯಿಯೇ ಬಂದರು. ಪಾಪ, ಕಣ್ಣು ಒಳಗೆ ಹೋಗಿದ್ದವು. "ಬೇನ್, ಹೇಳಿಬಿಡು. ನಿನಗೆ ಮುಂದೆ ಬಾಳುವೆ ಇದೆ. ನನಗೆ ಎಲ್ಲಾದರೂ ಫೋಟೋ ಸ್ಟುಡಿಯೋದಲ್ಲಿ ಕೆಲಸ ಸಿಗುತ್ತದೆ" ಎಂದರು. ಆ ಮಾತು ಕೇಳಿ ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ನೀವು ಮಾಡದ ತಪ್ಪನ್ನು ನನ್ನ ಬಾಯಿಂದ ಯಾಕೆ ಹೇಳಿಸುತ್ತೀರಿ ಎಂದು ಅವರನ್ನೇ ಗದರಿಸಿ ಕಳಿಸಿದೆ.

ಆಗ ಶೇಠ್ ಅಪ್ಪನಿಗೆ ಹೇಳಿಕಳಿಸಿದ. ಮಗಳನ್ನು ತೆರೆಯ ಮೇಲೆ ನೋಡಿದರೆ ಅಪ್ಪನೇ ಜುಟ್ಟು ಹಿಡಿದು ಬಗ್ಗಿಸುತ್ತಾನೆ ಎಂದು ಅವನ ಎಣಿಕೆ. ಅಪ್ಪ ಗಾಡಿಯ ಡ್ಯೂಟಿ ಮುಗಿಸಿ, ಬಿಳಿ ಯೂನಿಫಾರ್ಮಿನಲ್ಲೇ, ಕಲ್ಲಿದ್ದಲ ಧೂಳಿನ ಸಮೇತ ಟಾಕೀಸಿಗೆ ಬಂದರು. ನನ್ನ ಕಡೆ ನೋಡಲಿಲ್ಲ. ಶೇಠ್ ಎಲ್ಲ ವಿವರಿಸಿದ. ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು.

ಶಾಟ್ ಓಡಿತು. ಅದೇ ಮುಖ, ಅದೇ ಸೀಳಿದ ಹುಬ್ಬು, ಅದೇ ಅಳು. ಅಪ್ಪ ಇನ್ನೊಮ್ಮೆ ತೋರಿಸಿ ಎಂದರು. ಇನ್ನೊಮ್ಮೆ ಓಡಿಸಿದರು. ದೀಪ ಬಂದ ಮೇಲೆ ಅಪ್ಪ ಎದ್ದು ನಿಂತರು. ಅವರ ಹಿಂದಿ ಎಂದರೆ ಅರ್ಧ ಮರಾಠಿ, ಅರ್ಧ ಹುಬ್ಬಳ್ಳಿ. ಅದರಲ್ಲೇ ಹೇಳಿದರು, "ಯೇ ಮೇರಾ ಬೇಟೀ ನಹೀ."

ಶೇಠ್ ನಕ್ಕ. ಇಡೀ ಯೂನಿಟ್ಟು ಅವಳೇ ಎನ್ನುತ್ತಿದೆ, ಸ್ವತಃ ಅವಳೂ ಒಪ್ಪಿದ್ದಾಳೆ ಎಂದ.

"ನೀವು ನನ್ನ ಮಗಳನ್ನು ನೋಡುತ್ತಿರುವುದು ಯಾವಾಗಿನಿಂದ?" ಎಂದರು ಅಪ್ಪ. "ನಾನು ಆಕೆ ಹುಟ್ಟಿದಾಗಿನಿಂದ ನೋಡಿದ್ದೇನೆ. ತೆರೆಯ ಮೇಲಿನ ಇವಳು ನನ್ನ ಮಗಳಲ್ಲ. ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ."

ಶೇಠ್ ತಾನೇ ಕರೆಸಿದ ಸಾಕ್ಷಿ. ಹೆತ್ತ ಅಪ್ಪನೇ ಅಲ್ಲ ಎಂದ ಮೇಲೆ ಅರವಿಂದಭಾಯಿ ಯಾರ ಮೇಲೆ ಫಿಲಂ ಓಡಿಸಿದ ಎಂದು ಅವನು ದೂರು ಕೊಡಬೇಕು? ಸ್ವಲ್ಪ ಹೊತ್ತು ಕೂಗಾಡಿದ. ಆಮೇಲೆ ನಾಯಕಿ ಶೂಟಿಂಗಿಗೆ ಕೊಟ್ಟ ತಾರೀಖುಗಳು ಮುಗಿಯುತ್ತವೆ, ಹಾಳಾಗಿ ಹೋಗಲಿ, ಆ ಶಾಟನ್ನು ಮತ್ತೆ ತೆಗೆಯಿರಿ ಎಂದು ಎದ್ದು ಹೋದ. ಮತ್ತೆ ತೆಗೆದದ್ದು ಅರವಿಂದಭಾಯಿಯೇ. ಗುರುತಿನ ಮೇಲೆ ನಿಂತವಳು ನಾನೇ. ಈ ಸಲ ಪ್ರಿಂಟಿನಲ್ಲಿ ನಾಯಕಿಯೇ ಬಂದಳು. ಮೊದಲಿನ ತುಂಡು ಏನಾಯಿತೋ ನನಗೆ ಗೊತ್ತಿಲ್ಲ.

ಅವತ್ತು ಟಾಕೀಸಿನಿಂದ ಮನೆಗೆ ಅಪ್ಪ ಸೈಕಲ್ ತಳ್ಳಿಕೊಂಡು, ನಾನು ಪಕ್ಕದಲ್ಲಿ ನಡೆದೆವು. ನನಗೆ ಸಂತೋಷವಾಗಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಅಪ್ಪನ ಮೇಲೆ ಕೆಂಡದಂಥ ಕೋಪ. ಸುಳ್ಳು ಹೇಳಲಾರೆ ಎಂದು ನಾನು ಅಷ್ಟು ದಿನ ಹಲ್ಲು ಕಚ್ಚಿ ನಿಂತಿದ್ದೆ. ಇವರು ಒಂದೇ ಸುಳ್ಳಿನಿಂದ ನನ್ನನ್ನು ಬಿಡಿಸಿಕೊಂಡು ಬಂದಿದ್ದರು.

"ಯಾಕ ಸುಳ್ಳ ಹೇಳಿದಿ ಅಪ್ಪಾ?" ಎಂದೆ.

ಅಪ್ಪ ಸೈಕಲ್ ನಿಲ್ಲಿಸಿದರು. "ಸುಳ್ಳ ಹೇಳಿದ್ರ ನನ್ನ ನಾಲಗಿ ಬಿದ್ದು ಹೋಗ್ಲಿ. ಮಾರಿ ನಿಂದ ಐತಿ, ನನಗೇನ ಕಣ್ಣಿಲ್ಲೇನ? ಹುಬ್ಬೂ ನಿಂದ. ಆದ್ರ ಆಕಿ ನೀ ಅಲ್ಲ."

"ಮತ್ತ ಯಾರು?"

"ನನಗೇನ ಗೊತ್ತು? ಆಕಿ ಕೈಮುಗದು ಅಳಾಕತ್ತಿದ್ಲು. ನೀ ಇಷ್ಟು ದಿನ ಅಷ್ಟು ಮಂದಿ ಮುಂದ ನಿಂತು ಕೈ ಮುಗದಿಲ್ಲ. ಕಾಕೂ ನನಗ ಎಲ್ಲಾ ಹೇಳ್ಯಾಳ." ಇಷ್ಟು ಹೇಳಿ ಸೈಕಲ್ ತಳ್ಳತೊಡಗಿದರು.

ಆಮೇಲೆಯೂ ಎಷ್ಟೋ ಸಲ ಕೇಳಿದ್ದೇನೆ. ಅಪ್ಪ ಸಾಯುವ ತನಕ ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಮಗಳನ್ನು ಉಳಿಸಲು ಹಾಗೆ ಹೇಳಿದ್ದಾರೆ ಎಂದು ನನ್ನ ಗಂಡ ಹೇಳುತ್ತಾರೆ. ನಾಯಕಿಗೂ ನಿನಗೂ ಹೋಲಿಕೆ ಇತ್ತು, ಎಲ್ಲರೂ ಮೋಸಹೋದಿರಿ ಎಂದು ಕೆಲವರು. ಹೋಗಲಿ, ಅನ್ನಲಿ. ಟಾಕೀಸಿನಲ್ಲಿ ಕೂತ ಅಷ್ಟೂ ಜನ ಕಂಡದ್ದನ್ನೇ ಹೇಳಿದರು, ಅಪ್ಪನೂ ಕಂಡದ್ದನ್ನೇ ಹೇಳಿದರು ಎಂದು ನನ್ನ ಹಟ. ಎರಡೂ ಹೇಗೆ ನಿಜವಾಗುತ್ತವೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮ ಹತ್ತಿರ ಇದ್ದರೆ ಹೇಳಿ.

ನನ್ನನ್ನು ಕಾಡುವುದು ಬೇರೆ. ಶೇಠ್ ನನ್ನನ್ನು ಕ್ಷಮೆ ಕೇಳು ಎನ್ನುವ ಎಷ್ಟೋ ದಿನ ಮೊದಲೇ ಅವಳು ನನ್ನ ಮುಖ ಹೊತ್ತು ಬಂದು ಬೇಡಿಕೊಂಡುಬಿಟ್ಟಿದ್ದಳಲ್ಲ, ಯಾವ ತಪ್ಪಿಗೆ? ಯಾರ ಹತ್ತಿರ? ನನಗೆ ಗೊತ್ತಿಲ್ಲ. ಆದರೆ ಅವಳು ಬೇಡಿಕೊಂಡದ್ದು ನನ್ನ ಪರವಾಗಿ ಅಂತಾದರೆ, ಕೇಳಿಸಿಕೊಂಡವರು ಯಾರೇ ಇರಲಿ, ಅವರಿಗೆ ಇಷ್ಟು ಗೊತ್ತಿರಲಿ. ಅವಳನ್ನು ನಾನು ಕಳಿಸಿರಲಿಲ್ಲ.