ಜಲಜಕ್ಕನ ಲೋಟಗಳು

ಊಟ ಮುಗಿಸಿದ ನೆಂಟರೆಲ್ಲ ಬೀಡಾ ಹಾಕಿಕೊಳ್ಳುವ ಹೊತ್ತಿಗೆ, ಎಂಜಲಿನ ಡ್ರಮ್ಮಿಗೆ ಮೊಣಕೈವರೆಗೆ ಕೈ ಇಳಿಸಿ ಚಮಚ ಹುಡುಕುತ್ತಿರುವ ಹೆಂಗಸು ಯಾರೆಂದು ನಮ್ಮ ಕುದ್ರೋಳಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದು ಜಲಜಕ್ಕ. ಸಮಾರಂಭಗಳಿಗೆ ಸ್ಟೀಲಿನ ತಟ್ಟೆ, ಲೋಟ, ಚಮಚ ಬಾಡಿಗೆಗೆ ಕೊಡುವ ಅಂಗಡಿ ಅವರದು. ಹಿಂದೂಗಳ ಮದುವೆಯಿರಲಿ, ಬ್ಯಾರಿ ಮುಸ್ಲಿಮರ ಮದುವೆಯಿರಲಿ, ಗೂಡ್ಸ್ ರಿಕ್ಷಾದಲ್ಲಿ ತಟ್ಟೆಗಳ ಜೊತೆ ಅವರೂ ಬಂದಿಳಿಯುತ್ತಿದ್ದರು.

ಮೀನು ಮಾಂಸದ ಊಟಕ್ಕೆ ಹೋಗುವ ತಟ್ಟೆಗಳ ಬೆನ್ನಿಗೆ ಅವರು ಕೆಂಪು ಚುಕ್ಕೆ ಇಟ್ಟಿದ್ದರು. ಒಮ್ಮೆ ಯಾರದೋ ಗೃಹಪ್ರವೇಶಕ್ಕೆ ಈ ಚುಕ್ಕೆಯ ತಟ್ಟೆಗಳೇ ಹೋಗಿಬಿಟ್ಟವು. ಗೊತ್ತಾದದ್ದು ಭಟ್ಟರು ಊಟಕ್ಕೆ ಕುಳಿತ ಮೇಲೆ. ಜಲಜಕ್ಕ ಒಂದಿಷ್ಟೂ ಗಲಿಬಿಲಿಗೊಳ್ಳದೆ ಪಕ್ಕದ ಮನೆಯ ಹಿತ್ತಲಿನಿಂದ ಬಾಳೆ ಎಲೆ ಕೊಯ್ದು ತಂದು ಹಾಸಿ, "ಭಟ್ರಿಗೆ ತಟ್ಟೆಯಲ್ಲಿ ಬಡಿಸುವುದುಂಟಾ? ನಿಮಗೆ ಅಷ್ಟೂ ಗೊತ್ತಿಲ್ವಾ?" ಎಂದು ಮನೆಯವರನ್ನೇ ಗದರಿಸಿದರು. ಮನೆಯವರೇ ಜಲಜಕ್ಕನ ಕ್ಷಮೆ ಕೇಳಿದರು.

ನನ್ನ ಮದುವೆಯಲ್ಲಿ ಊರೆಲ್ಲ ಉಂಡದ್ದು ಅವರ ತಟ್ಟೆಗಳಲ್ಲಿ. ಮಗಳ ಮೊದಲ ಹುಟ್ಟುಹಬ್ಬಕ್ಕೂ ಅವರಿಗೇ ಹೇಳಿಟ್ಟಿದ್ದೆ. ಆದರೆ ಅಷ್ಟರಲ್ಲಿ ಹೆಂಡತಿ ಫೋನಿನಲ್ಲಿ ಒಂದು ಚಂದದ ಸಂಗತಿ ತೋರಿಸಿದಳು. ಮಗುವಿನ ಫೋಟೋ ಕಳಿಸಿದರೆ ಅದನ್ನೇ ಪೇಪರ್ ಲೋಟಗಳ ಮೇಲೆ ಅಚ್ಚು ಹಾಕಿ ಮನೆ ಬಾಗಿಲಿಗೆ ತಲುಪಿಸುತ್ತಾರೆ. ಜೊತೆಗೆ ಚಿನ್ನದ ಬಣ್ಣದ ಅಂಚಿನ ತಟ್ಟೆ. ತೊಳೆಯುವ ರಗಳೆಯಿಲ್ಲ. ನನಗೂ ಆಸೆಯಾಯಿತು, ತರಿಸಿದೆವು. ಜಲಜಕ್ಕನಿಗೆ ಬೇಡವೆಂದು ಹೇಳಲು ಮಾತ್ರ ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ, ಹೇಳಲು ಮುಜುಗರವಾಗಿ ಮುಂದೂಡುತ್ತಾ ಬಂದೆ.

ಆ ಬೆಳಿಗ್ಗೆ ಅವರು ರಿಕ್ಷಾದಲ್ಲಿ ತಟ್ಟೆಗಳ ಸಮೇತ ಬಂದೇಬಿಟ್ಟರು. ಮೇಜಿನ ಮೇಲೆ ಸಾಲಾಗಿ ನಿಂತಿದ್ದ ನನ್ನ ಮಗಳ ನಗುಮುಖದ ಲೋಟಗಳನ್ನು ನೋಡಿದರು.

"ಒಂದು ಫೋನ್ ಮಾಡಬಹುದಿತ್ತಲ್ಲ ಮಾರಾಯ" ಎಂದರು, ಅಷ್ಟೇ. ರಿಕ್ಷಾವನ್ನು ವಾಪಸು ಕಳಿಸಿ, ಕುಳಿತು ಪಾಯಸ ಕುಡಿದು, ಮಗುವಿನ ಕೈಗೆ ನೋಟು ಇಟ್ಟು ಹೋದರು.

ಸಂಜೆ ಅಡುಗೆಯವರ ಆಳುಗಳು ಕಸದ ಚೀಲಗಳನ್ನೆಲ್ಲ ಮನೆಯ ಹಿಂದಿನ ದೊಡ್ಡ ಚರಂಡಿಯ ದಂಡೆಯಲ್ಲಿ ಬಿಟ್ಟು ಹೋದರು. ನಾನು ಕಿಟಕಿಯಿಂದ ನೋಡಿದೆ, ತಡೆಯಲು ಹೋಗಲಿಲ್ಲ.

ಮೂರನೆಯ ದಿನ ಮಳೆ ಬಂತು. ಮಳೆಗಾಲ ಇನ್ನೂ ದೂರವಿತ್ತು. ಆದರೆ ಈಗಿನ ಮಳೆ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಹೊಟ್ಟೆಯಲ್ಲಿದ್ದುದನ್ನೆಲ್ಲ ಒಂದೇ ಮಧ್ಯಾಹ್ನ ಸುರಿದು ಹೋಗುತ್ತದೆ. ಚರಂಡಿ ಕಟ್ಟಿಕೊಂಡು, ಅದರ ಕೆಳಗಿನ ತಿರುವಿನಲ್ಲಿದ್ದ ಜಲಜಕ್ಕನ ಅಂಗಡಿಯೊಳಗೆ ಮಂಡಿಯವರೆಗೆ ಕೊಚ್ಚೆ ನೀರು ನುಗ್ಗಿತು. ನಾನು ಓಡಿ ಹೋದಾಗ ಅವರು ಸೀರೆ ಎತ್ತಿ ಕಟ್ಟಿ, ಹಾರೆಯಿಂದ ಚರಂಡಿಯ ಬಾಯಿ ಕೆದಕುತ್ತಿದ್ದರು. ಚಿನ್ನದ ಅಂಚಿನ ತಟ್ಟೆಗಳು ಮುದ್ದೆಯಾಗಿ ಹೊರಬಂದವು. ಅವುಗಳ ಹಿಂದೆಯೇ ಒಂದು ಲೋಟ. ಜಲಜಕ್ಕ ಅದನ್ನೆತ್ತಿ ಸೆರಗಿನಿಂದ ಕೆಸರು ಒರೆಸಿದರು.

"ಇದು ನಿನ್ನ ಮಗಳಲ್ವಾ?"

ಹೌದೆಂದು ನಾನೂ ನೀರಿಗಿಳಿದೆ.

"ಮಗುವಿನ ಮುಖ ಚರಂಡಿಯಲ್ಲಿ ಇರಬಾರದು ಮಗಾ" ಎಂದು ಲೋಟವನ್ನು ನನ್ನ ಕೈಗಿಟ್ಟರು. "ಮೊದಲು ಮಳೆ ನಿಧಾನ ಬರ್ತಿತ್ತು, ನೀರು ಹೋಗ್ಲಿಕ್ಕೆ ದಾರಿಯೂ ಇತ್ತು. ಈಗ ಮಳೆಗೂ ಪುರುಸೊತ್ತಿಲ್ಲ, ಜನಕ್ಕೂ ಒಂದು ಲೋಟ ತೊಳಿಲಿಕ್ಕೆ ಪುರುಸೊತ್ತಿಲ್ಲ. ಎಂತ ಮಾಡುವುದು."

ಮರುದಿನ ಕೆಸರಾದ ಪಾತ್ರೆಗಳನ್ನು ತೊಳೆಯಲು ನಾನೂ ಕುಳಿತೆ. ನಾನು ತೊಳೆದ ತಟ್ಟೆಗಳ ಅಂಚಿಗೆ ಅವರು ಹೆಬ್ಬೆರಳು ಆಡಿಸಿ ನೋಡಿ, ಹತ್ತರಲ್ಲಿ ನಾಲ್ಕನ್ನು ಮತ್ತೆ ನೀರಿಗೆ ಹಾಕುತ್ತಿದ್ದರು. ಏಳುವಾಗ, "ಬರುವ ವರ್ಷ ನನ್ನ ತಟ್ಟೆಯೇ ತಕ್ಕೊಂಡು ಹೋಗು. ಆದ್ರೆ ನಾನು ಬರುವುದಿಲ್ಲ. ತೊಳೆದು ನೀನೇ ತಂದು ಕೊಡಬೇಕು" ಎಂದರು. ಆಗಲಿ ಎಂದೆ.

ಆ ವರ್ಷವೆಲ್ಲ ಅವರಿಗೆ ಬಂದ ಆರ್ಡರುಗಳು ಬೆರಳೆಣಿಕೆಯಷ್ಟು. ಎದೆನೋವು ಬೇರೆ ಶುರುವಾಗಿತ್ತು. ಆದರೂ ಮಗಳ ಎರಡನೆಯ ಹುಟ್ಟುಹಬ್ಬಕ್ಕೆ ತಟ್ಟೆ, ಲೋಟಗಳನ್ನು ತಾವೇ ಒರೆಸಿ ಕಳಿಸಿದರು. ಊಟವಾದ ಮೇಲೆ ನಾನೂ ಹೆಂಡತಿಯೂ ಕತ್ತಲಾಗುವವರೆಗೆ ತೊಳೆದೆವು. ಪ್ರತಿಯೊಂದರ ಅಂಚನ್ನೂ ನೋಡಿದೆ. ಅವರು ಒಂದನ್ನಾದರೂ ವಾಪಸು ನೀರಿಗೆ ಹಾಕಬಾರದೆಂಬ ಹಟ ನನಗೆ.

ಮರುದಿನ ರಿಕ್ಷಾದಲ್ಲಿ ಹೇರಿಕೊಂಡು ಹೋದರೆ ಅಂಗಡಿಯ ಮುಂದೆ ಜನ ನಿಂತಿದ್ದರು. ಜಲಜಕ್ಕ ಬೆಳಗಿನ ಜಾವ ತೀರಿಕೊಂಡಿದ್ದರು.

"ಇದನ್ನು ಇಳಿಸುವುದಾ, ಎಂತ?" ಎಂದು ರಿಕ್ಷಾದವನು ಮೆಲ್ಲಗೆ ಕೇಳಿದ. ಬಂದವರಿಗೆ ನೀರು ಕೊಡಲೆಂದು ನೆಂಟನೊಬ್ಬ ಪೇಪರ್ ಲೋಟ ತರಲು ಸ್ಕೂಟರ್ ಹತ್ತುತ್ತಿದ್ದ. ಬೇಡವೆಂದು ಅವನನ್ನು ತಡೆದು, ರಿಕ್ಷಾದಿಂದ ಲೋಟಗಳ ಬುಟ್ಟಿ ಇಳಿಸಿಕೊಂಡೆ. ಬಂದವರಿಗೆಲ್ಲ ಜಲಜಕ್ಕನ ಲೋಟಗಳಲ್ಲೇ ನೀರು ಕೊಟ್ಟೆ. ಕುಡಿದಿಟ್ಟ ಲೋಟಗಳನ್ನು ಅವರ ನಲ್ಲಿಯ ಕೆಳಗೆ ಕುಳಿತು ತೊಳೆಯುತ್ತಾ ಹೋದೆ.