ಎರಡು ಕಾರ್ತಿಕ

ಎಳ್ಳು ಹುರಿಯುವ ವಾಸನೆ ಬಂದರೆ ಈಗಲೂ ನಾನು ಕುಳಿತಲ್ಲಿ ಕೂರಲಾರೆ. ನಿನ್ನೆ ಸಂಡೂರಿನ ನಮ್ಮ ಪಕ್ಕದ ಮನೆಯಲ್ಲಿ ಸಂಕ್ರಾಂತಿಗೆಂದು ಹುರಿಯುತ್ತಿದ್ದರು. ಓದುತ್ತಿದ್ದ ಪೇಪರು ಮಡಚಿಟ್ಟು ಬಾಗಿಲಿಗೆ ಹೋಗಿ ಬಂದೆ. ಮತ್ತೆ ಹೋದೆ. ಇದು ನನ್ನ ಚಾಳಿಯಲ್ಲ, ಹೊಸಪೇಟೆಯ ಎದುರುಮನೆ ಅತ್ತೆಯದು.

ಮದುವೆಯಾದ ಹೊಸದರಲ್ಲಿ ನಾವು ಅಲ್ಲಿ ಬಾಡಿಗೆಗಿದ್ದೆವು. ಅತ್ತೆಯ ಗಂಡ ಹಂಪಿಗೆ ಬಂದ ಬೈರಾಗಿಗಳ ಹಿಂದೆ ಹೊರಟುಹೋದವರು, ಅಯೋಧ್ಯೆಯಲ್ಲೇ ತೀರಿಕೊಂಡರಂತೆ. ಎಷ್ಟೋ ತಿಂಗಳ ಮೇಲೆ ಸುದ್ದಿ ತಂದ ಬೈರಾಗಿಗೆ ತಾರೀಖು ಗೊತ್ತಿರಲಿಲ್ಲ. ಕಾರ್ತಿಕ, ಕೃಷ್ಣಪಕ್ಷದ ಪಂಚಮಿ ಎಂದಷ್ಟೇ ಹೇಳಿದ. ಅಲ್ಲಿಂದಾಚೆ ಪ್ರತಿ ವರ್ಷ ದೀಪಾವಳಿ ಕಳೆದು, ಹುಣ್ಣಿಮೆಯೂ ಕಳೆದು ಬರುವ ಪಂಚಮಿಗೆ ಅತ್ತೆ ಎಳ್ಳುಂಡೆ, ಪಾಯಸ ಮಾಡಿಕೊಂಡು ಹೋಗಿ, ಮೈದುನನ ಕೈಲಿ ಹಂಪಿಯ ಹೊಳೆದಂಡೆಯಲ್ಲಿ ತಿಥಿ ಮಾಡಿಸುತ್ತಿದ್ದರು.

ಒಂದು ವರ್ಷ ಜೊತೆಗೆ ನಾನೂ ಹೋಗಿದ್ದೆ. ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದ ಉತ್ತರದ ಯಾತ್ರಿಕನೊಬ್ಬ ಇದು ಯಾರ ಕಾರ್ಯ ಎಂದು ಕೇಳಿದ. ಅಯೋಧ್ಯೆಯಲ್ಲಿ ಕಾರ್ತಿಕದ ಕೃಷ್ಣಪಂಚಮಿಗೆ ತೀರಿಕೊಂಡವರದು ಎಂದು ನನ್ನ ಹರುಕುಮುರುಕು ಹಿಂದಿಯಲ್ಲಿ ಹೇಳಿದೆ. ಅವನು ಅಲ್ಲವೆಂದು ತಲೆಯಾಡಿಸಿದ. ಅವರೂರಲ್ಲಿ ಕಾರ್ತಿಕ ಆಗಲೇ ಮುಗಿದುಹೋಗಿತ್ತು! ನಮಗೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಅವರಿಗೆ ಹುಣ್ಣಿಮೆಗೆ. ಅವರ ಕಾರ್ತಿಕದ ಕೃಷ್ಣಪಂಚಮಿ ದೀಪಾವಳಿಗೆ ಮುಂಚೆಯೇ ಬರುತ್ತದೆ. ನಮ್ಮ ಪಂಚಾಂಗದಲ್ಲಿ ಆಗಿನ್ನೂ ಆಶ್ವೀಜ. ಬೈರಾಗಿ ಹೇಳಿದ್ದು ಅವರ ಲೆಕ್ಕದ ಕಾರ್ತಿಕ.

ಅತ್ತೆಗೆ ಬಿಡಿಸಿ ಹೇಳಿದೆ. ತಿಥಿ ತಪ್ಪಿತೆಂದು ಅಳುತ್ತಾರೆ ಅಂದುಕೊಂಡಿದ್ದೆ... ಅವರಿಗೆ ನೆನಪಾದದ್ದೇ ಬೇರೆ.

“ಹಂಗಾದ್ರ ಆ ದೀಪಾವಳಿಗೆ ಅವ್ರು ಇದ್ದಿಲ್ಲೇನವ್ವ? ನಾ ಎಣ್ಣಿ ಹಚ್ಚಿ ನೀರು ಹಾಕ್ಕೊಂಡೆ, ಹೊಸ ಸೀರಿ ಉಟ್ಟೆ, ಹಬ್ಬಕ್ಕರ ಬರ್ತಾರಂತ ಬಾಗಿಲ ಕಾಯ್ಕೊಂತ ಕುಂತಿದ್ನಲ್ಲ...”

ತಿಳಿಯದೆ ಆದದ್ದಕ್ಕೆ ದೋಷವಿಲ್ಲ, ಇನ್ನು ಮೇಲೆ ಆಶ್ವೀಜದಲ್ಲೇ ಮಾಡಿಸಿ ಎಂದರು ಪುರೋಹಿತರು. ಮರುವರ್ಷ ಹಾಗೇ ಆಯಿತು. ಆದರೆ ಹಳೆಯ ಪಂಚಮಿ ಬಂತು ನೋಡಿ, ಅತ್ತೆ ಬೆಳಿಗ್ಗೆಯಿಂದ ಒಳಗೊಮ್ಮೆ ಹೊರಗೊಮ್ಮೆ... ಕೈಗೆ ಕೆಲಸ ಹತ್ತುತ್ತಿಲ್ಲ. ಕೊನೆಗೆ ಎಳ್ಳು ಹುರಿಯುವ ವಾಸನೆ ನಮ್ಮ ಮನೆಗೂ ಬಂತು. ಹೋಗಿ ನೋಡಿದರೆ ಮತ್ತೆ ಅದೇ ಅಡುಗೆ. ಕಾರ್ಯ ಮುಗೀತಲ್ಲ ಅತ್ತಿ, ಎಂದೆ.

“ಮುಗದದ, ಖರೆ. ಆದ್ರ ಇಷ್ಟು ವರ್ಷ ಇವತ್ತ ಉಂಡು ರೂಢಿ ಆಗ್ಯದ ಅವ್ರಿಗೆ. ಬಂದು ಬಾಗಿಲಾಗ ನಿಂತ್ರ ಏನ್ ಹೇಳ್ಲಿ?”

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಅಂದಿನಿಂದ ಅತ್ತೆಗೆ ವರ್ಷಕ್ಕೆ ಎರಡು ಕಾರ್ತಿಕ.

ನಾವು ಸಂಡೂರಿಗೆ ಬಂದ ಮೇಲೆ ಮಾತುಕತೆ ಕಡಿಮೆಯಾಯಿತು... ಕಳೆದ ವಾರ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕಿ, ಅತ್ತೆ ಹೋಗಿ ಎರಡು ವರ್ಷವಾಯಿತು ಎಂದರು. ಮೈದುನನೂ ಇಲ್ಲವಂತೆ. ನಿನ್ನೆ ಆ ವಾಸನೆ ತಡೆಯಲಾರದೆ ನಮ್ಮ ಹಳೆಯ ಮನೆ ಮಾಲೀಕರಿಗೆ ಫೋನು ಮಾಡಿದೆ. ಅತ್ತೆ ಯಾವತ್ತು ಹೋದರು ಎಂದು ಕೇಳಿದೆ.

“ದೀಪಾವಳಿ ಆಸುಪಾಸು ಇರಬೇಕು ನೋಡ್ರಿ.”

“ಮುಂಚೇನೋ, ಆಮ್ಯಾಲೋ?”

“ಅಷ್ಟು ನೆನಪಿಲ್ರಿ ಯವ್ವಾ. ಯಾಕ?”

ಫೋನಿಟ್ಟೆ. ಗಂಡನಿಗೆ ಎರಡು ದಿನ ಕಾದಿಟ್ಟವರಿಗೆ ತಮ್ಮದೆಂದು ಒಂದು ದಿನವೂ ಉಳಿಯಲಿಲ್ಲವಲ್ಲ ಎಂದು ಸಂಕಟವಾಯಿತು. ಇನ್ನು ಆ ಎರಡೂ ಪಂಚಮಿಗೆ ಅವರಿಬ್ಬರಿಗೂ ನಾನೇ ಎಳ್ಳು ಹುರಿದು ಬಾಗಿಲು ತೆಗೆದಿಡಬೇಕು.