ಮೋರಿಯ ಮೇಲೆ ನನ್ನ ಕಾರು

ಕಳೆದ ವಾರ ನಮ್ಮ ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ ಒಂದು ಮದುವೆಯ ಸಾಮಾನು ಮುಳುಗಿತು. ಮುಳುಗಿಸಿದವನು ನಾನು. (ಪೊಲೀಸರಿಗೆ ಹೇಳಬೇಡಿ. ಹೇಳಿದರೂ ಇದಕ್ಕೆ ಕೇಸಿಲ್ಲ.)

ಗಲ್ಫಿನ ನಮ್ಮ ಈ ರಿಗ್ಗೈನಲ್ಲಿ ಮಳೆ ಎಂದರೆ ವರ್ಷಕ್ಕೆ ನಾಲ್ಕಾರು ದಿನ. ಆದರೆ ಬೇಸಿಗೆಯಿಡೀ ಬೀಸುವ ಧೂಳು ರಸ್ತೆ ಬದಿಯ ಮೋರಿಗಳಲ್ಲಿ ತುಂಬಿ ಗಟ್ಟಿಯಾಗಿರುತ್ತದೆ. ಅದನ್ನು ತೆಗೆಯುವುದು ಯಾರ ಕೆಲಸ? ಯಾರದ್ದೂ ಅಲ್ಲ. ಹಾಗಾಗಿ ನಮ್ಮ ವಾಚ್‌ಮನ್ ಹಮೀದಾಕ ತೆಗೆಯುತ್ತಾರೆ. ಉಪ್ಪಿನಂಗಡಿ ಕಡೆಯವರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನಾನು ಅವರಿಗೆ ಸರ್.

ಒಂದು ಶುಕ್ರವಾರ ಬಾಗಿಲು ತಟ್ಟಿದರು.

"ಸರ್, ಒಂದು ಗಂಟೆ ಕಾರು ಆಚೆ ಇಡ್ತೀರಾ? ಮೋರಿ ಅದರ ಅಡಿಯಲ್ಲೇ ಉಂಟು. ಮಳೆ ಬಂದ್ರೆ ನೀರು ಹೋಗ್ಲಿಕ್ಕೆ ಜಾಗ ಇಲ್ಲ."

ರಜಾದಿನ ಕಾರು ತೆಗೆಯುವುದೇ? ಪಾರ್ಕಿಂಗ್ ಹೋಗುತ್ತದೆಂದು ಆಫೀಸಿಗೆ ಕಂಪನಿ ಬಸ್ಸಿನಲ್ಲಿ, ಚರ್ಚಿಗೂ ಟ್ಯಾಕ್ಸಿಯಲ್ಲಿ ಹೋಗುವ ಜನ ನಾವು. ನಾಳೆ ನೋಡೋಣ ಎಂದೆ. ಮರುದಿನವೂ ಅದನ್ನೇ ಹೇಳಿದೆ. ಮೂರನೆಯ ದಿನ ಮಳೆ ಬಂತು.

ಹಮೀದಾಕರ ರೂಮು ಇರುವುದು ಬೇಸ್‌ಮೆಂಟಿನಲ್ಲಿ. ಬರುವ ತಿಂಗಳು ಮಗಳ ಮದುವೆ. ಎರಡು ವರ್ಷದಿಂದ ಒಂದೊಂದಾಗಿ ಕೂಡಿಸಿದ ಸೀರೆ, ಬ್ಲಾಂಕೆಟ್, ಬಟ್ಟೆಯ ಪೀಸು ಎಲ್ಲ ಎರಡು ಕಾರ್ಟನ್‌ಗಳಲ್ಲಿದ್ದವು. ಹಗ್ಗ ಬಿಗಿದು, ಮೇಲೆ ಮಾರ್ಕರಿನಲ್ಲಿ ಊರಿನ ವಿಳಾಸ ಬರೆದು ಮಂಚದಡಿ ಇಟ್ಟಿದ್ದರು. ರಸ್ತೆಯ ನೀರು ಕೆಳಗಿಳಿದು ರೂಮಿನಲ್ಲಿ ಮೊಣಕಾಲುದ್ದ ನಿಂತಿತು. ಕೆಸರಿನಿಂದ ಎತ್ತಿದಾಗ ಹಗ್ಗವೊಂದೇ ಗಟ್ಟಿಯಾಗಿ ಉಳಿದಿತ್ತು.

ಬಿಲ್ಡಿಂಗ್ ಮಾಲೀಕರ ಏಜೆಂಟ್ ಬಂದ. ಮೋರಿ ಯಾಕೆ ಕ್ಲೀನ್ ಮಾಡಿಲ್ಲ ಎಂದು ಎಲ್ಲರೆದುರೇ ಹಮೀದಾಕರನ್ನು ತರಾಟೆಗೆ ತೆಗೆದುಕೊಂಡ. ಇನ್ನೊಮ್ಮೆ ಹೀಗಾದರೆ ಖಲಾಸ್, ಊರಿಗೆ ಕಳಿಸುತ್ತೇನೆ ಎಂದ. ಅವರು ನನ್ನ ಹೆಸರೆತ್ತಲಿಲ್ಲ. ನಾನಾದರೂ ಹೇಳಿದೆನೇ? ಇಲ್ಲ. ಉಳಿದವರ ಜೊತೆ ಸೇರಿ ಹೌದೌದು ಎಂದು ತಲೆಯಾಡಿಸಿದೆ. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ನಿನ್ನೆ ಬೆಳಿಗ್ಗೆ ಆಫೀಸಿಗೆ ಹೊರಟಾಗ ನನ್ನ ಕಾರಿನಡಿ ಎರಡು ಕಾಲು ಕಂಡವು. ಹಮೀದಾಕ ಬೋರಲು ಮಲಗಿ, ಹಾಲಿನ ಪುಡಿಯ ಡಬ್ಬಿಯಲ್ಲಿ ಮೋರಿಯ ಮರಳು ಮೊಗೆಯುತ್ತಿದ್ದರು. ಆಫೀಸಿಗೆ ರಜೆ ಹೇಳುತ್ತೇನೆ, ಕಾರು ಆಚೆ ಇಡುತ್ತೇನೆ, ಹೊರಗೆ ಬನ್ನಿ ಎಂದೆ.

"ಬೇಡ ಸರ್. ನಿಮ್ಮ ಪಾರ್ಕಿಂಗ್ ಹೋಗ್ತದೆ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.